ಉಗಿಯುವ ಕೆಲಸ

ಇಪ್ಪತ್ತೆರಡು ವರ್ಷ ಉಗಿದೇ ಸಂಬಳ ತಂದವಳು ನಾನು.
ಚಮಚ ತುಂಬ ಕಾಫಿ, ಸುರ್ರೆಂದು ಒಳಗೆ,
ನಾಲಿಗೆಯ ಅಂಚಿಗೆ, ಬುಡಕ್ಕೆ, ಅಂಗುಳಕ್ಕೆ,
ಆಮೇಲೆ ಪೀಕದಾನಿಗೆ.
ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ಎದೆ ಕುದುರೆ.
ಪೀಕದಾನಿ ತೊಳೆಯುವವಳು ಬೊಳ್ಳಿ.
ಅವಳದೂ ಒಂಬತ್ತು ವರ್ಷದ ಸರ್ವಿಸು.

ಈ ಸಲದ ರೊಬಸ್ಟಾ ಒಳ್ಳೆ ದರಕ್ಕೆ ಹೋಯಿತೆಂದು
ಮ್ಯಾನೇಜರ್ ಪೊನ್ನಪ್ಪ ನಮ್ಮನ್ನು ಜೀಪು ಹತ್ತಿಸಿದರು.
ಬಿರಿಯಾನಿ ಎಂದುಕೊಂಡಿದ್ದೆವು.
ಗೋಣಿಕೊಪ್ಪದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯ
ಮೇಲಿನ ಮಹಡಿ. ಹೊಸ ಬೋರ್ಡು:
ಹಿರುತ್ ಇಥಿಯೋಪಿಯಾ ಊಟ.
ಕೆಳಗೆ ಸಣ್ಣ ಅಕ್ಷರದಲ್ಲಿ: ಪಾರ್ಕಿಂಗ್ ಇಲ್ಲ.

ಹಿರುತ್ ಪೊನ್ನಂಪೇಟೆಗೆ ಓದಲು ಬಂದು ಉಳಿದವಳು.
ಬುಟ್ಟಿಯಂಥ ಮೇಜು ತಂದಿಟ್ಟಳು, ಅದರ ಮೇಲೊಂದು ಹರಿವಾಣ,
ಹರಿವಾಣಕ್ಕೆ ಹಾಸಿದ ಬೂದು ದೋಸೆ, ಮೈತುಂಬ ಕಣ್ಣು.
ಅದರ ಮೇಲೆ ಗುಡ್ಡೆ ಗುಡ್ಡೆ:
ಕೆಂಪು ಕೋಳಿಸಾರಿನಲ್ಲಿ ಇಡೀ ಮೊಟ್ಟೆ,
ಕಡಲೆಹಿಟ್ಟಿನ ಗೊಜ್ಜು, ಎಲೆಕೋಸು, ಬೇಳೆ.
"ತೆಫ್ ಹಿಟ್ಟು ಸಾಲಲಿಲ್ಲ, ರಾಗಿ ಬೆರೆಸಿದ್ದೇನೆ.
ರಾಗಿಯೂ ನಮ್ಮ ಕಡೆಯದೇ" ಅಂದಳು.
"ಕಾಫಿಯೂ ನಿಮ್ಮದೇ ಅಂತಲ್ಲ" ಅಂದ ಡ್ರೈವರ್ ಮೊಯಿದು,
"ನಮ್ಮದು ಅಂತ ಇನ್ನೇನು ಉಳಿಯಿತು?"
"ಹಂದಿ" ಅಂದರು ಪೊನ್ನಪ್ಪ.
ಮೊಯಿದು ಕಿಟಕಿಯಾಚೆ ನೋಡಿದ.
"ನಾವೂ ತಿನ್ನೋದಿಲ್ಲ ಅದು" ಅಂದಳು ಹಿರುತ್.
ಒಬ್ಬರೇ ನಕ್ಕರು ಪೊನ್ನಪ್ಪ.

ಬೊಳ್ಳಿ ಗೋಡೆಗೊರಗಿ ನಿಂತಿದ್ದಳು.
"ನಾನು ಆಮೇಲೆ."
"ಆಮೇಲೆ ಇಲ್ಲ" ಅಂದಳು ಹಿರುತ್, "ತಟ್ಟೆ ಒಂದೇ."

ಎಂಜಲು ಎಂಬ ಮಾತು ಬಾಯಿಗೆ ಬಂದು
ಹಲ್ಲಿನ ಹಿಂದೆ ನಿಂತಿತು.
ಆಡಲು ನಾನು ಯಾರು?
ದಿನಕ್ಕೆ ಅರವತ್ತು ಕಪ್ಪಿನ ಎಂಜಲು
ಅವಳ ಕೈಗೆ ಕೊಡುವವಳು.

ಮೊದಲ ತುಣುಕು ಹರಿದೆ.
ನಾಲಿಗೆ ತನ್ನಷ್ಟಕ್ಕೇ ಕೆಲಸಕ್ಕೆ ಕೂತಿತು:
ಹುಳಿ, ಆದರೆ ಮಜ್ಜಿಗೆಯದಲ್ಲ,
ದವಡೆಗೆ ಗುದ್ದುವ ಕಾಚಂಪುಳಿಯದೂ ಅಲ್ಲ;
ಪಲ್ಪ್ ಮಾಡಿದ ಬೀಜ ತೊಟ್ಟಿಯಲ್ಲಿ ರಾತ್ರಿ ಕಳೆದು
ಬೆಳಿಗ್ಗೆ ಮುಚ್ಚಳ ತೆಗೆದಾಗ ಮೂಗಿಗೆ ಬರುತ್ತದಲ್ಲ,
ಅದನ್ನು ಯಾರೋ ಬೇಯಿಸಿದ ಹಾಗೆ.
ಖಾರ ತಡವಾಗಿ ಬಂತು, ಏಲಕ್ಕಿಯನ್ನು ಕೈಹಿಡಿದು.
ಮೊಯಿದು ಚಮಚ ಕೇಳಿದ. ಇರಲಿಲ್ಲ.

ಅರ್ಧ ಊಟಕ್ಕೆ ಹಿರುತ್ ಬಂದು ಹೇಳಿದಳು:
ನಮ್ಮಲ್ಲಿ ಒಬ್ಬರು ಇನ್ನೊಬ್ಬರ ಬಾಯಿಗೆ ಇಡಬೇಕು,
ದೊಡ್ಡ ತುತ್ತು, ಚಿಕ್ಕದಾದರೆ ಅವಮಾನ.
ಪೊನ್ನಪ್ಪ ಮೊಯಿದುವಿನ ಬಾಯಿಗೆ ಗುರಿಯಿಟ್ಟು
ಗಡ್ಡಕ್ಕೆ ಬಳಿದರು.
ನಾನು ನೀರಿನ ಲೋಟ ಹುಡುಕುತ್ತಿದ್ದೆ.
ತಲೆಯೆತ್ತಿದರೆ ಬೊಳ್ಳಿಯ ಕೈ,
ಸೋಪಿಗೆ ಸುಕ್ಕಾದ ಬೆರಳು ಐದೂ ಸೇರಿ
ಒಂದು ಮೊಟ್ಟೆಯ ಕಾಲುಭಾಗ, ಒಂದಿಷ್ಟು ಕೋಳಿ,
ತೊಟ್ಟಿಕ್ಕುವ ಕೆಂಪು.
"ಬೋಜಕ್ಕ, ಬಾಯಿ."

ತೆರೆದೆ.
ಬೆರಳು ಹಲ್ಲಿಗೆ ತಾಗಿತು.
ಬಾಯಿ ತುಂಬಿ ಕಣ್ಣಲ್ಲಿ ನೀರು, ಖಾರಕ್ಕೇ ಇರಬೇಕು.
ಇದಕ್ಕೆ ಎಷ್ಟು ಅಂಕ ಎಂದು ನಾಲಿಗೆ ಕೇಳಿತು.
ಸುಮ್ಮನಿರು ಅಂದೆ.
ನುಂಗಿದೆ.
ನಾನು ತಿರುಗಿ ಇಡಬೇಕಿತ್ತು ಎಂದು ಹೊಳೆದದ್ದು
ಜೀಪು ತಿತಿಮತಿ ದಾಟಿದ ಮೇಲೆ.
ಬೊಳ್ಳಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಮಾರನೆಯ ದಿನ ಅವಳು ಎಂದಿನಂತೆ
ಗೋದಾಮಿನ ಹಿಂದೆ, ತನ್ನ ಸ್ಟೀಲು ತಟ್ಟೆಯಲ್ಲಿ ಉಂಡಳು.
ನಾನು ಕರೆಯಲಿಲ್ಲ. ಕರೆಯಬೇಕೆಂದು ಎರಡು ಸಲ ಎದ್ದೆ.

ಹದಿನೇಳನೆಯ ಕಪ್ಪು, ಸಿದ್ದಾಪುರದ ಬೀಜ.
ಪೀಕದಾನಿಗೆ ಬಗ್ಗಿದವಳು
ಬಾಯಿ ಮುಚ್ಚಿಯೇ ನಿಂತೆ ಸ್ವಲ್ಪ ಹೊತ್ತು.
ಆಮೇಲೆ ಉಗಿದೆ.
ಕೆಲಸ ಕೆಲಸವೇ.
ಪೀಕದಾನಿಯನ್ನು ಮಾತ್ರ ನಲ್ಲಿಯವರೆಗೆ ನಾನೇ ಒಯ್ದೆ.
"ಚೆಲ್ಲುತ್ತೀರಿ, ಕೊಡಿ ಇಲ್ಲಿ" ಅಂದಳು ಬೊಳ್ಳಿ.