ತವನಪ್ಪನ ಕೋರೆಹಲ್ಲು

ಖಡೇ ಬಜಾರಿನ ನಮ್ಮ ಅಂಗಡ್ಯಾಗ, ಅಪ್ಪನ ಕಪಾಟಿನ ಮೂರನೇ ಖಾನೆಯೊಳಗ
ಬೆಳಗಾವಿಯ ಬಾಯಿಗಳು ಸಾಲಾಗಿ ಕುಂತಾವ, ಪ್ಲಾಸ್ಟರಿನವು:
ರಿಟೈರಾದ ತಹಶೀಲ್ದಾರ, ಬ್ಯಾಂಡ್ ಕಂಪನಿಯ ಕ್ಲಾರ್ನೆಟ್ಟಿನಾಂವ,
ತನ್ನ ಕುಂದಾ ತಾನಽ ತಿಂದು ಹಲ್ಲು ಕಳಕೊಂಡ ಸಾವಕಾರ.
ಅವರ ನಡುವ ಒಂದು, ಎರಡು ಕೋರೆ ಗದ್ದಕ್ಕ ಇಳಿದದ್ದು.
ತಳದಾಗ ಪೆನ್ಸಿಲ್ಲಿನ ಅಕ್ಷರ:
ತ. ಚೌಗುಲೆ, ಶಹಾಪುರ. ಮುಂಗಡ ಹದಿನೈದು ರೂಪಾಯಿ.

ಕೊಲ್ಹಾಪುರ, ಆಮ್ಯಾಲೆ ಮದ್ರಾಸು.
ಒಂಬತ್ತು ಸಿನಿಮಾ, ಒಂಬತ್ತರಾಗೂ ದೆವ್ವ.
ಮೊದಲನೇ ರೀಲಿನಾಗ ಬಾವಿಯಿಂದ ಏಳ್ತಿದ್ದ,
ಕಡೀ ರೀಲಿನಾಗ ಬೆಂಕ್ಯಾಗ ಬೀಳ್ತಿದ್ದ,
ನಡುವ ಯಾರದೋ ಕುತ್ತಿಗಿ.

ಮನಿಶಾ ಜೈನ. ಹೊತ್ತು ಮುಳುಗಿದರ ಅನ್ನ ಮುಟ್ಟತಿದ್ದಿಲ್ಲ.
ಐದೂವರೆಗೇ ಮೇಕಪ್ ಖೋಲಿಯ ಹೊಸ್ತಿಲದಾಗ ಕುಂತು
ರೊಟ್ಟಿ, ಹೆಸರುಕಾಳು ಮುಗಿಸಿ, ಸೋಸಿದ ನೀರು ಕುಡುದು
ರಕ್ತ ಕುಡಿಯಾಕ ಏಳ್ತಿದ್ದ.
ಬೀಟ್‌ರೂಟಿನ ರಸಾ ತಂದರ
"ಗಡ್ಡಿ, ಸಾಹೇಬ್ರ. ಮಣ್ಣಾಗಿಂದು ನಮಗ ನಡಿಯಂಗಿಲ್ಲ."
ನಕ್ಕರು, ಬೈದರು, ಕಡೀಕ ಕೋಕಮ್ ಸಾರು ತರಿಸಿದರು.
ಅದನ್ನೂ ನುಂಗಲಿಲ್ಲ ಪುಣ್ಯಾತ್ಮ. ರಾತ್ರಿ ಅಲ್ಲೇನು?
ತುಟಿಯಂಚಿಗೆ ಹಿಡಿದಿದ್ದು ಗದ್ದದ ಮ್ಯಾಲೆ ಹರೀತು.
ಪೇಪರಿನವರು ಬರದ್ರು: ಎಂಥಾ ನಟನೆ!

ಓಣಿಯ ಹೆಂಗಸರು ಉಣ್ಣದ ಕೂಸುಗಳನ್ನ ಕಂಕುಳಾಗ ಒಯ್ಯತಿದ್ದರು.
"ಅಣ್ಣಾ, ಒಂದ್ಸಲ ಹಲ್ಲು ತೋರಸು."
ನಾನೂ ಅಂಥಾದೊಂದು ಕೂಸು. ತೋರಿಸಿದ.
ಹೆದರಿ ಎರಡು ತುತ್ತು ನುಂಗಿದೆ,
ಮೂರನೇದನ್ನ ಅವನಽ ಊದಿ, ಆರಿಸಿ, ಬಾಯಾಗ ಇಟ್ಟ.

ಹೆಣ್ಣು ಕೊಟ್ಟವರು ಸಿನಿಮಾ ನೋಡದವರು.

ಕಲರ್ ಬಂತು. ಪರದೆಯ ಮ್ಯಾಲೆ ಕೋಕಮ್
ಕೋಕಮ್ಮಿನಂಗಽ ಕಂಡಿತು. ಕರಿಯೋದು ನಿಲ್ಲಿಸಿದರು.
ರೀಲುಗಳನ್ನ ಬೆಳ್ಳಿ ತಗಿಯೋರು ಕಿಲೋ ಲೆಕ್ಕದಾಗ ಒಯ್ದರಂತ.
ಇಪ್ಪತ್ತೆಂಟು ವರ್ಷ ವಹಿ-ಪುಸ್ತಕದ ಅಂಗಡಿ,
ಗೆರೆ ಎಳೆದ ಹಾಳಿ, ಶಾಯಿ, ಸಾಲಿ ಹುಡುಗರ ಗದ್ದಲ.
ಯಾರಿಗೂ ಗುರುತಿಲ್ಲ. ಗುರುತು ಹೇಳಲೂ ಇಲ್ಲ.

ನಿನ್ನೆ ಬಂದಿದ್ದ. ಎಂಬತ್ತೊಂದು.
"ಬಾಯಿ ತಗೀರಿ ಕಾಕಾ."
ತಗದ. ಇದನ್ನ ನೋಡಾಕ ಜನ
ಬಾಲ್ಕನಿಗೆ ಒಂದೂ ಕಾಲು ರೂಪಾಯಿ ಕೊಟ್ಟಿದ್ದರು.
ಒಳಗ ಬರೇ ವಸಡು, ಲವಂಗದ ವಾಸನಿ.
"ಮೇಣ ಕಚ್ಚರಿ" ಅಂದೆ. ಕಚ್ಚಿದ,
ಮೇಣಕ್ಕ ಎಲ್ಲಿ ನೋಯ್ತದೋ ಅನ್ನೋಹಂಗ.

ಖಾನೆಯಿಂದ ಆ ಅಚ್ಚು ತಗದು ಕೈಯಾಗ ಇಟ್ಟೆ.
ಕಣ್ಣ ಹತ್ತಿರ ಹಿಡಿದು, ಹೆಬ್ಬಟ್ಟಿನಿಂದ ಸವರಿ,
"ನಿಮ್ಮಪ್ಪ ಎಡಗಡೀದು ಚೂರು ಉದ್ದ ಮಾಡಿದ್ದ.
ಕೆಳಗಿನ ತುಟಿಗೆ ಚುಚ್ಚತಿತ್ತು.
ಬಡವ, ಮತ್ತ ಮಾಡು ಅಂತ ಹ್ಯಾಂಗ ಹೇಳ್ಲಿ?
ಎರಡು ಸಿನಿಮಾದಾಗ
ಅದು ನನ್ನದಽ ರಕ್ತ."

ಎದುರಿನ ಮಾಳಿಗಿ ಮ್ಯಾಲೆ ಬಿಸಲು ಗೇಣುದ್ದ ಉಳಿದಿತ್ತು.
ನೋಡಿದವನಽ ದಡಬಡಿಸಿ ಎದ್ದ, ಚಪ್ಪಲಿ ಅದಲು ಬದಲಾದವು,
ರೊಕ್ಕ ನಾಳೆ ಅಂದ.
ಸೈಕಲ್ಲು, ಕಾಯಿಪಲ್ಲೆ ಗಾಡಿ, ಆಟೋಗಳ ನಡುವ
ಕತ್ತಲಾಗೂದರೊಳಗ ಮನಿ ಮುಟ್ಟಬೇಕಂತ
ಓಡಿಕೋತ ಹೊಂಟಿತ್ತು ದೆವ್ವ.