ಸಾಕ್ಷಿಯ ಕಾಲಂ

ಲಿಂಗರಾಜಪುರದ ಮೂರನೇ ಮಹಡಿಯಲ್ಲಿ
ರೇಡಿಯೋ ಹಚ್ಚಿದರೆ ಮೊದಲು ಕೇಳುವುದು
ಪಕ್ಕದ ಮನೆಯ ಎಲ್‌ಇಡಿ ಬಲ್ಬು.
ಆಮೇಲೆ ಲಿಫ್ಟು, ಇನ್ವರ್ಟರು,
ಕೆಳಗೆ ಚಾರ್ಜಿಗಿಟ್ಟ ಸ್ಕೂಟರುಗಳ ಜುಂಯ್‌ಗುಟ್ಟುವ ಸಾಲು.
"ಊರು ತನ್ನ ಮಾತನ್ನೇ ಕೇಳಿಸಿಕೊಳ್ತಾ ಕೂತಿದೆ ಮೇಡಂ,
ಹೊರಗಿನವರಿಗೆ ಜಾಗವಿಲ್ಲ"
ಅಂದರು ಆರೋಗ್ಯಸ್ವಾಮಿ.

ಐಟಿಐಯಲ್ಲಿ ಅವರು ಟೆಸ್ಟಿಂಗು, ನಾನು ಬೆಸುಗೆ.
ಮೂವತ್ತೊಂದು ವರ್ಷ ಬೇರೆಯವರ ಮಾತಿಗೆ
ದಾರಿ ಮಾಡಿಕೊಟ್ಟು ಮನೆಗೆ ಬಂದವರು.
ಅವರ ಟ್ರಂಕಿನ ತುಂಬ ಕಾರ್ಡುಗಳು:
ಹೌದು, ನೀವು ಕೇಳಿದ್ದು ನಮ್ಮನ್ನೇ, ಎಂದು
ಒಂಟೆಯ ಚಿತ್ರ, ಗೋಪುರದ ಚಿತ್ರ,
ಯಾವುದೋ ದ್ವೀಪದ ಆಮೆ.
ಹೊಸದು ಬಂದು ಒಂಬತ್ತು ವರ್ಷ.

ಅದಕ್ಕೇ ಕಡಲಿಗೆ ಹೊರಟೆವು.
ಉಪ್ಪುನೀರಿನ ಮೇಲೆ ಸ್ಟೇಷನ್ನುಗಳು ಜಾರಿಕೊಂಡು ಬರುತ್ತವಂತೆ,
ಕಾದ ಕಾವಲಿಯ ಮೇಲೆ ನೀರಹನಿ ಓಡಿದ ಹಾಗೆ.
ಇರುದಯರಾಜನ ಓಮ್ನಿಯಲ್ಲಿ
ಎರಡು ಬ್ಯಾಟರಿ, ನೂರೈವತ್ತು ಮೀಟರ್ ತಂತಿ,
ಚಪಾತಿ, ಉಪ್ಪಿನಕಾಯಿ, ಬಿಪಿ ಮಾತ್ರೆ.
ಸಕಲೇಶಪುರದಲ್ಲಿ ಅವನು "ಕಾಫಿ ಬೇಕಾ ಮಾಮ?" ಅಂದ.
"ನಾಲ್ಕೂವರೆ" ಅಂದರು ಇವರು.
ನಾವಿಬ್ಬರೂ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡೆವು.

ಮರವಂತೆಯಾಚೆ, ಹೆಸರು ಕೇಳದೇ ಇಳಿದ ದಂಡೆ.
ಮಗುಚಿಟ್ಟ ದೋಣಿಗೆ ಒಂದು ತುದಿ ಕಟ್ಟಿ
ಮರಳುದ್ದಕ್ಕೂ ತಂತಿ ಎಳೆದೆವು.
ಬಲೆ ಕೊಡವುತ್ತಿದ್ದವನು ಬಂದು ನಿಂತ:
"ಇದೆಂತ ಬಲಿ ಮರಾಯ್ರೆ, ಒಂದೇ ನೂಲು?"
"ಮಾತು ಹಿಡಿಯೋದಕ್ಕೆ" ಅಂದೆ.
"ಸಿಕ್ತಾ?"
"ಕತ್ತಲಾಗಲಿ."
ಮೀನಿಗೂ ಹಾಗೇ, ಅಂದು ಹೋದ.

ಬಂದವು ನೋಡಿ.
ಅರಬ್ಬಿಯಲ್ಲಿ ಪ್ರಾರ್ಥನೆಯೋ ಈರುಳ್ಳಿಯ ದರವೋ,
ನಗುತ್ತ ನಗುತ್ತ ಕೆಮ್ಮಿಕೊಂಡ ಒಬ್ಬ,
ಡ್ರಮ್ಮಿನ ನಡುವೆ ಯಾರೋ ಹೇಳಿದ ಫೋನ್ ನಂಬರು
(ಬಾರದ ಭಾಷೆಯಲ್ಲೂ ಅಂಕಿ ಅಂಕಿಯೆಂದೇ ತಿಳಿಯುತ್ತದೆ).
ಹೆಡ್‌ಫೋನು ಒಂದೇ. ಹತ್ತು ನಿಮಿಷ ನನಗೆ, ಹತ್ತು ಅವರಿಗೆ.
ನನ್ನ ಸರದಿಯಲ್ಲಿ ನಾನು ಹೇಳಿದ್ದನ್ನು ಬರೆದುಕೊಂಡರು.
ಅವರ ಸರದಿಯಲ್ಲಿ ಪುಸ್ತಕ ಖಾಲಿ.

ಬೆಳಗಿನ ನಾಲ್ಕು ನಲವತ್ತಕ್ಕೆ ಕೈಯೆತ್ತಿದರು.
ಉಸಿರು ಕೂಡ ಬಿಡಬೇಡಿ ಎನ್ನುವ ಕೈ.
ಮೂರು ನಿಮಿಷ.
ಆಮೇಲೆ ಟಾರ್ಚಿನ ಬೆಳಕಲ್ಲಿ, ಟೆಸ್ಟಿಂಗಿನ ಅದೇ ದುಂಡು ಅಕ್ಷರದಲ್ಲಿ:
ಭಾಷೆ ತಿಳಿಯದು. ಹೆಂಗಸು.
ಹಾಡಿನಂಥದ್ದು, ಹಾಡಲ್ಲ.

ಬ್ಯಾಟರಿಯ ಕ್ಲಿಪ್ಪು ಮರಳಲ್ಲಿ ಬಿದ್ದಿತ್ತು.
ನಾನು ಏಳುವಾಗ ಕಾಲಿಗೆ ಸಿಕ್ಕಿತೋ,
ಮೊದಲೇ ಬಿದ್ದಿತ್ತೋ.
ಮೇಲೆ ಅಂಟಿ ಒಳಗೆ ಕೂಡದ ಬೆಸುಗೆ
ನನ್ನ ಕಣ್ಣಿಗೆ ದೂರದಿಂದಲೇ ಬೀಳುತ್ತದೆ;
ಸಂಬಳ ಕೊಟ್ಟಿದ್ದೇ ಅದಕ್ಕೆ.
ಅವರು ಪುಸ್ತಕ ನನ್ನ ಕಡೆ ತಿರುಗಿಸಿದರು,
ಸಾಕ್ಷಿಯ ಕಾಲಮ್ಮಿನ ಮೇಲೆ ಬೆರಳಿಟ್ಟರು.

ಸಹಿ ಹಾಕಿದೆ.
ಇನಿಷಿಯಲ್ ಸಮೇತ.

ಗೊತ್ತಿಲ್ಲದ ಸ್ಟೇಷನ್ನಿಗೆ ವಿಳಾಸವೆಲ್ಲಿ?
ಊರಿಗೆ ಬಂದು ಮೂರು ದೇಶಕ್ಕೆ ಒಂದೊಂದು ಪತ್ರ ಹಾಕಿದರು,
ಇವರಲ್ಲೇ ಯಾರೋ ಹಾಡಿರಬೇಕು ಎಂದು.
ಸ್ಟಾಂಪು ನಾನೇ ಅಂಟಿಸಿದೆ.

ಈಗ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ
ಡಯಲು ತಿರುಗಿಸಿದರೆ
ಸಾವಿರದ ಇನ್ನೂರರ ಹತ್ತಿರ ಕರಕರ ಎನ್ನುತ್ತದೆ.
ಮರಳು ಹೊಕ್ಕಿದೆ, ಬಿಚ್ಚಿ ಬ್ರಷ್ ಹಾಕಲಾ,
ಅಂತ ಬರೆದು ತೋರಿಸಿದ ಇರುದಯರಾಜ.
ಬೇಡ ಅಂದರು.
ಅಲ್ಲಿಗೆ ಬಂದಾಗಲೆಲ್ಲ ನಿಧಾನಿಸುತ್ತಾರೆ,
ಬೆರಳಲ್ಲೇ ಮುಂದೆ ಒಂದು ಕೂದಲೆಳೆ, ಹಿಂದೆ ಒಂದು ಕೂದಲೆಳೆ,
ಸಿಕ್ಕಿತು ಎಂಬಂತೆ ತಲೆ ಆಡಿಸಿ
ನನ್ನ ಕಡೆ ನೋಡುತ್ತಾರೆ.

ಹನ್ನೊಂದೂವರೆಗೆ ಅಂಚೆಯವನು ಬರುತ್ತಾನೆ.
ಗೇಟಿನ ಸದ್ದು ಅವರಿಗೆ ಕೇಳುವುದಿಲ್ಲ.
ನಾನು ಇಳಿದು ಹೋಗಿ ನೋಡಿ ಬರುತ್ತೇನೆ.