ಇಲ್ಲಿ ನಗು

ತನಿಯಪ್ಪ ಕೋಟ್ಯಾನರ ನಾಟಕವೆಲ್ಲ
ಬೀಡಿ ಬ್ರಾಂಚಿನ ಹಳೆ ಲೆಕ್ಕದ ಪುಸ್ತಕದಲ್ಲಿ.
ಈ ಬದಿ: ವಾರಿಜ ಎಂಟುನೂರು,
ಜುಲೈಕಾ ಸಾವಿರದಿನ್ನೂರು, ಎಲೆ ಕಮ್ಮಿ.
ಆ ಬದಿ: ಮಾವನ ಹಲ್‌ಸೆಟ್ಟು ಅಡವಿಟ್ಟ ಅಳಿಯ.

ನಾನು ಸೈಡ್‌ವಿಂಗಿನಲ್ಲಿ ಟಾರ್ಚು ಹಿಡಿದು ಕೂತು
ಮಾತು ಮರೆತವರಿಗೆ ಮಾತು ದಾಟಿಸುವವನು.
ಅವರಿಗೆ ಒಮ್ಮೆಯೂ ಬೇಕಾಗಲಿಲ್ಲ.
ನನಗೆಂದೇ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದರು:
‘ಇಲ್ಲಿ ನಗು. ನಾಲ್ಕು ಎಣಿಸು.’
‘ಇಲ್ಲಿ ಹೆಂಗಸರು ಮಾತ್ರ. ಎರಡು ಸಾಕು.’
‘ಸುರತ್ಕಲ್ಲಿನಲ್ಲಿ ಇದಕ್ಕೆ ಯಾರೂ ನಗಲಿಲ್ಲ,
ಕೆಮ್ಮಿ ಮುಂದೆ ಹೋಗುವುದು.’

ಹೆಂಡತಿಯ ಬೊಜ್ಜ ಮುಗಿದ ಮರುದಿನ
ಪುರಭವನದಲ್ಲಿ ಶೋ. ಅಡ್ವಾನ್ಸು ತಿಂದಾಗಿತ್ತು.
‘ಅತ್ತೆ ಎಲ್ಲಿ?’ ಎನ್ನಬೇಕು ಅಳಿಯ,
‘ಮನೆಯಲ್ಲಿಲ್ಲ’ ಎನ್ನಬೇಕು ಇವರು.
ಅಂದರು.
ಅಂದು, ನಿಂತುಬಿಟ್ಟರು.
ಪುಸ್ತಕದಲ್ಲಿದ್ದದ್ದು ನಾಲ್ಕು.
ನಾನು ಹನ್ನೊಂದು ಎಣಿಸಿದೆ.
ಹನ್ನೊಂದರವರೆಗೂ ಬಿದ್ದು ಬಿದ್ದು ನಕ್ಕಿತು ಸಭೆ,
ಹಿಂದಿನ ಸಾಲಿನಲ್ಲಿ ಯಾರದೋ ಮಗು ಎದ್ದು ಅತ್ತಿತು.

ಆಮೇಲೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸುತ್ತ,
‘ಎಂತ ನೋಡ್ತಿ ಮಾರಾಯ,
ಹನ್ನೊಂದು ಅಂತ ತಿದ್ದು’ ಎಂದರು.
ತಿದ್ದಿದೆ.
ಮುಂದಿನ ಇನ್ನೂರು ಪ್ರದರ್ಶನಗಳಲ್ಲಿ
ಅದೇ ದೊಡ್ಡ ನಗು.

ಮೊನ್ನೆ ವೆನ್ಲಾಕಿನಲ್ಲಿ, ಬಲಗೈ ಬಿದ್ದುಹೋಗಿ,
ಬಾಯಿ ಒಂದು ಬದಿಗೆ ಜಾರಿ ಮಲಗಿದ್ದರು.
ನರ್ಸು ಚೀಟಿ ಹಿಡಿದು ಹೆಸರು ಕೇಳಿದಳು.
ತುಟಿ ಅಲುಗಿತು, ಅಕ್ಷರ ಬರಲಿಲ್ಲ.
ಪರದೆಯ ಹಿಂದಿನಿಂದ ಮೆಲ್ಲಗೆ ಹೇಳಿಕೊಟ್ಟೆ:
ತನಿಯಪ್ಪ.

ನನ್ನತ್ತ ಕಣ್ಣು ಹೊರಳಿಸಿದರು,
ಹಾಸಿಗೆಯ ಮೇಲೆ ಎಡಗೈಯ ಬೆರಳು
ಒಂದೊಂದೇ ಮಡಚತೊಡಗಿದರು.
ಮೂರಕ್ಕೆ ಬಂದಾಗ
ನಾನೇ ನಕ್ಕೆ.